‘ಹಿಂಡಿಗೊಬ್ಬ ಯಜಮಾನ’ ಎಂಬ ತಿಳಿವಳಿಕೆಯ ಮರುಪರಿಶೀಲನೆ

ಸೆಟ್ಟೂರು, ಕಲ್ಯಾಣದುರ್ಗದ ಕಡೆ ಕುರಿ ಸಾಕುವವರ ನಡುವೆ ತೋಳದ ಮಾತು ಬಂದರೆ ಯಾರಾದರೊಬ್ಬರು ಹೇಳೇ ಹೇಳ್ತಾರೆ: “ಪ್ರಾಣಿಗಳಲ್ಲೇ ಮೇಲು ಕೀಳು ಇದೆ, ಮನುಷ್ಯರಲ್ಲಿ ಇದ್ದರೆ ತಪ್ಪೇನು?” ಜಾತಿಗೆ ಹೀಗೆ ಪ್ರಕೃತಿಯ ಸಾಕ್ಷಿ ತರುವಾಗ ಆ ಸಾಕ್ಷಿ ಎಷ್ಟು ಗಟ್ಟಿ ಅಂತ ನೋಡಬೇಕಲ್ಲವೇ?

ಮೊದಲು ತೋಳ. ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳದ್ದು. ಕಾದಾಡಿ ಗೆದ್ದ ‘ಆಲ್ಫಾ’ ಎಂಬ ಕಲ್ಪನೆಯನ್ನು ಡೇವಿಡ್ ಮೆಕ್ ಅವರ 1970ರ ಪುಸ್ತಕ ಎಲ್ಲೆಡೆ ಹಬ್ಬಿಸಿತು. ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ, 1999ರಲ್ಲಿ ಮೆಕ್ ತಾವೇ ಅದನ್ನು ತಿದ್ದಿದರು. ಹಿಂಡು ಸಾಮಾನ್ಯವಾಗಿ ಒಂದು ಸಂಸಾರ. ಮುಂದೆ ನಡೆಯುವ ಜೋಡಿ ಉಳಿದವುಗಳ ಅಪ್ಪ ಅಮ್ಮ.

ಇನ್ನೊಂದು ಉದಾಹರಣೆ ನಮ್ಮ ಪಕ್ಕದ್ದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಮತ್ತು ಸಂಗಡಿಗರು ದಶಕಗಳ ಕಾಲ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜವನ್ನು ಅಭ್ಯಾಸ ಮಾಡಿದರು. ಈ ಗೂಡಿನ ರಾಣಿ ಸಾಧು. ಕಚ್ಚಾಟ, ದಬ್ಬಾಟದ ಲೆಕ್ಕ ಹಾಕಿದರೆ ಮೇಲಿನ ಸ್ಥಾನ ಅವಳದ್ದಲ್ಲ. ಆದರೂ ಮೊಟ್ಟೆ ಇಡೋದು ಅವಳೊಬ್ಬಳೇ. ಅವಳಿರುವುದು ಉಳಿದವಕ್ಕೆ ವಾಸನೆಯಿಂದ ಗೊತ್ತಾಗುತ್ತೆ. ರಾಣಿಯನ್ನು ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಒಂದು ಕೆಲಸಗಾರ್ತಿ ಸಿಕ್ಕಾಪಟ್ಟೆ ಜೋರಾಗುತ್ತಾಳೆ, ಆಮೇಲೆ ರಾಣಿಯಾಗಿ ತಾನೂ ಸಾಧುವಾಗುತ್ತಾಳೆ. ಅವಳ ಹಿಂದಿನ ದರ್ಜೆ ನೋಡಿ ‘ಮುಂದಿನ ರಾಣಿ ಇವಳೇ’ ಅಂತ ಮೊದಲೇ ಹೇಳಲು ಸಂಶೋಧಕರಿಗೆ ಆಗಲಿಲ್ಲ.

ಸಭೆಯಿಂದ ಪ್ರಶ್ನೆ: ಹಾಗಾದ್ರೆ ಪ್ರಾಣಿಗಳಲ್ಲಿ ಶ್ರೇಣಿಯೇ ಇಲ್ಲವಾ ಮೇಡಂ?

ಉತ್ತರ: ಇದೆ. ಕೋಳಿಗಳ ಕುಕ್ಕುವ ಕ್ರಮವನ್ನು ಶೆಲ್ಡೆರುಪ್-ಎಬ್ಬೆ 1920ರ ದಶಕದಲ್ಲೇ ದಾಖಲಿಸಿದ್ದರು. ಮಾರ್ಜಿನೇಟಾದ ಹತ್ತಿರದ ನೆಂಟ ರೊಪಾಲಿಡಿಯಾ ಸಯಾಥಿಫಾರ್ಮಿಸ್‌ನಲ್ಲಿ ರಾಣಿ ಜೋರಿನವಳೇ. ಒಂದೇ ಕುಲದ ಎರಡು ಕಣಜಗಳಲ್ಲೇ ಇಷ್ಟು ವ್ಯತ್ಯಾಸ ಇರುವಾಗ ‘ಪ್ರಕೃತಿ ನಿಯಮ’ ಅಂತ ಒಂದೇ ಮಾತಲ್ಲಿ ಮುಗಿಸೋಕೆ ಬರಲ್ಲ.

ನನ್ನ ಆಕ್ಷೇಪ ನಮ್ಮ ಪದಗಳ ಮೇಲೂ ಇದೆ. ‘ರಾಣಿ’, ‘ಯಜಮಾನ’ ಎಂಬ ಹೆಸರುಗಳನ್ನು ಊರಿಂದ ಒಯ್ದು ಗೂಡಿಗೆ, ಹಿಂಡಿಗೆ ಇಟ್ಟವರು ನಾವು. ಅಲ್ಲಿಂದ ಅದನ್ನೇ ಪುರಾವೆ ಅಂತ ಊರಿಗೆ ವಾಪಸ್ ತರ್ತೇವೆ. ತೋಳ, ಕಣಜ ಏನೇ ಮಾಡಲಿ, ಮನುಷ್ಯರು ಹೇಗೆ ಬಾಳಬೇಕು ಅನ್ನೋದಕ್ಕೆ ಉತ್ತರ ನಾವೇ ಕೊಡಬೇಕು.