ಹತ್ತು ಕಣ್ಣು ಕಂಡ ತೋಳ

ರಾತ್ರಿ ತೆಗೆದ ಬೂದುಬಣ್ಣದ ಚಿತ್ರ. ಬಲಮೂಲೆಯಲ್ಲಿ ಒಂದು ಪ್ರಾಣಿಯ ಹಿಂಗಾಲು, ಇಳಿಬಿದ್ದ ಬಾಲ. ತಲೆ ಚೌಕಟ್ಟಿನ ಆಚೆ ಹೋಗಿಬಿಟ್ಟಿದೆ. ಇದು ತೋಳವೋ, ನಾಯಿಯೋ, ನರಿಯೋ? ಪ್ರಾಣಿ ಸುಳಿದರೆ ತಾನಾಗಿ ಕ್ಲಿಕ್ಕಿಸುವ ಕ್ಯಾಮೆರಾ ಟ್ರ್ಯಾಪ್‌ ಚಿತ್ರಗಳನ್ನು ಮನೆಯಲ್ಲಿ ಕೂತು ಗುರುತಿಸುವ ಸ್ವಯಂಸೇವಕರು ಹೆಜ್ಜೆಹೆಜ್ಜೆಗೂ ಎದುರಿಸುವ ಪ್ರಶ್ನೆ ಇದು. ಇದೇ ಚಿತ್ರವನ್ನು ಗಜೇಂದ್ರಗಡದ ಗುಡ್ಡದಲ್ಲಿ ಕುರಿ ಮೇಯಿಸುವವರ ಮುಂದೆ ಹಿಡಿದರೆ ಅವರು ಮೊದಲು ನೋಡುವುದು ಕಾಲಿನ ಉದ್ದವನ್ನು, ಬಾಲ ಇಳಿದಿರುವ ರೀತಿಯನ್ನು. ಈ ಎರಡು ನೋಟಗಳ ನಡುವಿನ ಅಂತರವೇ ನನ್ನ ತಕರಾರು.

ಜನರಿಂದಲೇ ಚಿತ್ರ ಗುರುತಿಸುವ ಈ ಪದ್ಧತಿಗೆ ಜಗತ್ತಿನಲ್ಲಿ ಹೆಸರು ತಂದುಕೊಟ್ಟದ್ದು ತಾಂಜಾನಿಯಾದ ಸೆರೆಂಗೆಟಿ. ಅಲ್ಲಿ 1,125 ಚದರ ಕಿಲೋಮೀಟರ್ ಬಯಲಿನಲ್ಲಿ 225 ಕ್ಯಾಮೆರಾ ಕಟ್ಟಿದರು. 2010ರಿಂದ 2013ರವರೆಗೆ ಬಂದ ಚಿತ್ರಗುಚ್ಛಗಳು ಸುಮಾರು 12 ಲಕ್ಷ. ಗಾಳಿಗೆ ಹುಲ್ಲು ಅಲ್ಲಾಡಿದರೂ ಕ್ಯಾಮೆರಾ ಕ್ಲಿಕ್ಕಿಸುತ್ತದೆ. ಹಾಗಾಗಿ ಪ್ರಾಣಿ ಸಿಕ್ಕದ್ದು 3,22,653ರಲ್ಲಿ ಮಾತ್ರ. ಇಷ್ಟನ್ನು ಬೆರಳೆಣಿಕೆಯ ಸಂಶೋಧಕರು ನೋಡಿ ಮುಗಿಸುವುದು ಆಗದ ಮಾತು. 2012ರ ಡಿಸೆಂಬರಿನಲ್ಲಿ ಚಿತ್ರ ಗುರುತಿಸಲು ಸಾರ್ವಜನಿಕರಿಗೆ ಜಾಲತಾಣದಲ್ಲಿ ಬಾಗಿಲು ತೆರೆದರು. 28,000ಕ್ಕೂ ಹೆಚ್ಚು ಜನ ಸೇರಿ ಒಂದು ಕೋಟಿಗೂ ಮೀರಿ ಉತ್ತರ ಕೊಟ್ಟರು.

ಇದರ ಕಟ್ಟುಪಾಡು ನನಗೆ ತುಂಬ ಹಿಡಿಸಿತು. ಒಬ್ಬರ ಮಾತಿಗಷ್ಟೇ ಅಲ್ಲಿ ಬೆಲೆಯಿರಲಿಲ್ಲ. ಮೊದಲ ಐವರೂ 'ಏನೂ ಇಲ್ಲ' ಎಂದರೆ ಆ ಚಿತ್ರ ಬದಿಗೆ ಹೋಗುತ್ತಿತ್ತು. ಹತ್ತು ಮಂದಿ ಒಂದೇ ಪ್ರಾಣಿಯ ಹೆಸರು ಹೇಳಿದರೆ ಅದೇ ತೀರ್ಮಾನವಾಗುತ್ತಿತ್ತು. ಒಮ್ಮತ ಬಾರದಿದ್ದರೆ 25 ಮಂದಿಯವರೆಗೂ ಹೋಗುತ್ತಿತ್ತು. ತಜ್ಞರು ನೋಡಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಚಿತ್ರಗಳೊಂದಿಗೆ ತಾಳೆ ನೋಡಿದಾಗ ಜನರ ಒಟ್ಟುತೀರ್ಪು ನೂರಕ್ಕೆ 96.6 ಸರಿಯಿತ್ತು. ಪದವಿ, ಪಾಂಡಿತ್ಯ ಕೇಳದೆ ಜನರನ್ನು ನಂಬಿದ ಕೆಲಸಕ್ಕೆ ಇದು ದೊಡ್ಡ ಗೌರವ.

ಆದರೆ ಆ ನೂರಕ್ಕೆ ತೊಂಬತ್ತಾರು ಬಂದದ್ದು ಹೆಚ್ಚಾಗಿ ಜೀಬ್ರಾ, ಜಿರಾಫೆಗಳಂಥ ಕಣ್ಣಿಗೆ ಕಟ್ಟುವ, ಮತ್ತೆ ಮತ್ತೆ ಬರುವ ಪ್ರಾಣಿಗಳಿಂದ. ಅಪರೂಪದವು, ಒಂದನ್ನೊಂದು ಹೋಲುವವು ಬಂದಲ್ಲಿ ತಪ್ಪು ಹೆಚ್ಚಿತು. ಇನ್ನೊಂದು ಸಂಗತಿ: ಅಲ್ಲಿ 'ಗೊತ್ತಿಲ್ಲ' ಎಂಬ ಗುಂಡಿಯನ್ನು ಬೇಕೆಂದೇ ಇಟ್ಟಿರಲಿಲ್ಲ. ಜನ ತಿಳಿದಷ್ಟು ಊಹಿಸಲಿ, ಉತ್ತರಗಳು ಎಷ್ಟು ಚೆದುರುತ್ತವೆ ಎಂಬುದರಿಂದಲೇ ಚಿತ್ರದ ಕಷ್ಟ ತಿಳಿಯುತ್ತದೆ ಎಂಬುದು ಅವರ ವಾದ. ಲೆಕ್ಕಕ್ಕೆ ಸರಿ. ಆದರೆ ಒಂದು ತೋಳದ ಇರುವಿಕೆ ತಿಳಿಯಬೇಕಾದ ಊರಿಗೆ ಆ ವಾದ ಸಾಲದು.

ನಮ್ಮ ಬಯಲು ನೋಡಿ. ನರಗುಂದ, ರೋಣದ ಎರೆಹೊಲಗಳು, ಅವಕ್ಕೆ ಅಂಚು ಕಟ್ಟಿದ ಗಜೇಂದ್ರಗಡದ ಕಲ್ಲುಗುಡ್ಡ, ಮೇಲೆ ಗಾಳಿಯಂತ್ರಗಳು. ಸರ್ಕಾರಿ ನಕಾಶೆಗಳಲ್ಲಿ ಇಂಥ ಹುಲ್ಲುನೆಲ ಎಷ್ಟೋ ಕಡೆ 'ಬಂಜರು' ಎಂದೇ ದಾಖಲಾಗಿದೆ. ಇಲ್ಲಿ ಓಡಾಡುವ ಪ್ರಾಣಿಗಳೆಲ್ಲ ಗೊಂದಲಕ್ಕೆ ಹುಟ್ಟಿದಂಥವು: ತೋಳ, ನರಿ, ಊರನಾಯಿ ಒಂದೇ ದಾರಿ ತುಳಿಯುತ್ತವೆ. ಹೆಣ್ಣು ಕೃಷ್ಣಮೃಗಕ್ಕೆ ಕೋಡಿಲ್ಲ. ಹೆಣ್ಣು ಚಿಂಕಾರಕ್ಕೆ ಇದ್ದರೂ ಸಣ್ಣ ಕಡ್ಡಿಯಷ್ಟು. ಮಸುಕು ಚಿತ್ರದಲ್ಲಿ ಎರಡೂ ಬರಿಯ 'ಚಿಗರಿ'. ಪುಣೆ ಕಡೆಯ ಬಯಲಿನಲ್ಲಂತೂ ತೋಳ–ನಾಯಿ ಬೆರಕೆ ವಂಶವಾಹಿ ಪರೀಕ್ಷೆಯಲ್ಲೇ ಖಚಿತವಾಯಿತು. ಅಂಥಲ್ಲಿ ಹತ್ತು ದೂರದ ಕಣ್ಣುಗಳ ಒಮ್ಮತಕ್ಕಿಂತ ಒಂದು ಹತ್ತಿರದ ಕಣ್ಣಿನ ಅನುಮಾನವೇ ಹೆಚ್ಚು ತೂಕದ್ದು.

ಹುಲಿಗೆ ಈ ಕಷ್ಟವಿಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ ಪಟ್ಟೆಯಿಂದ ಒಂದೊಂದು ಹುಲಿಯನ್ನೂ ಬೇರ್ಪಡಿಸಿ ಎಣಿಸುವ ದಾರಿ ತೋರಿಸಿದರು. 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಇಟ್ಟು 3.48 ಕೋಟಿ ಚಿತ್ರ ತೆಗೆದರು. ಹುಲಿಯವು 76,651, ಚಿರತೆಯವು 51,777. ಅವನ್ನು ಬೇರ್ಪಡಿಸಲು ಕಂಪ್ಯೂಟರಿನ ನೆರವೂ ಸಿಕ್ಕಿತು. ಪಟ್ಟೆಯಿಲ್ಲದ, ಚುಕ್ಕೆಯಿಲ್ಲದ ತೋಳಕ್ಕೆ ಅಷ್ಟು ಕ್ಯಾಮೆರಾ ಯಾರು ಕಟ್ಟಿದ್ದಾರೆ? 2018ರಲ್ಲಿ ಶುರುವಾದ ವೈಲ್ಡ್ ಕೆನಿಡ್ಸ್ ಇಂಡಿಯಾ ಯೋಜನೆ ತೋಳ, ನರಿ, ಕತ್ತೆಕಿರುಬಗಳನ್ನು ಕಂಡ ಜನರಿಂದಲೇ ಮಾಹಿತಿ ಪಡೆಯಿತು. ನನ್ನ ಕಣ್ಣಿಗೆ ಇದು ಸರಿಯಾದ ದಿಕ್ಕು: ಚಿತ್ರಕ್ಕಿಂತ ಮೊದಲು ಆ ನೆಲದಲ್ಲಿ ನಡೆದವರನ್ನು ಕೇಳಿತು.

ಕೇಳುವುದರಲ್ಲೂ ಎಚ್ಚರ ಬೇಕು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆ ಹುಟ್ಟಿದ್ದು ನಮ್ಮ ನಡುವೆಯೇ. ಮರಿ ಹಾಕಿದ ಗವಿಯ ಜಾಗ ಚಿತ್ರದ ಜೊತೆ ಬಯಲಾದರೆ ಕಲ್ಲಿನ ಬದಲು ಹೊಗೆ, ವಿಷ ಬರಬಹುದು. ಕುರಿ ಕಳೆದುಕೊಂಡವರ ಸಿಟ್ಟು ಸುಳ್ಳಲ್ಲ. ಪರಿಹಾರ ತಡವಾದಷ್ಟೂ ಅದು ಹೆಚ್ಚುತ್ತದೆ. ಇನ್ನು, ಇಲ್ಲಿನ ಗುಡ್ಡದಲ್ಲಿ ಕ್ಯಾಮೆರಾ ಕಟ್ಟಿದರೆ ಪ್ರಾಣಿಗಿಂತ ಮೊದಲು ಸಿಕ್ಕುವುದು ಮನುಷ್ಯರು: ಸೌದೆಗೆ ಹೋದ ಹೆಂಗಸರು, ಮೇಕೆ ಹಿಂದೆ ನಡೆದ ಹುಡುಗರು. ಉತ್ತರಾಖಂಡದ ಕಾರ್ಬೆಟ್ ಸುತ್ತಿನ ಹಳ್ಳಿಗಳಲ್ಲಿ ಇಂಥ ಕ್ಯಾಮೆರಾಗಳಿಂದ ಹೆಂಗಸರ ಓಡಾಟ, ಹಾಡು, ಮಾತು ಕುಗ್ಗಿದ್ದನ್ನು 2024ರಲ್ಲಿ ಒಂದು ಅಧ್ಯಯನ ಬರೆದಿಟ್ಟಿದೆ. ಮನುಷ್ಯರಿರುವ ಚಿತ್ರಗಳು ಗುರುತು ಸಿಗದ ಸ್ವಯಂಸೇವಕರ ಕಣ್ಣಿಗೆ ಬೀಳುವ ಮುನ್ನವೇ ಅಳಿಯಬೇಕು. ಇದರಲ್ಲಿ ರಾಜಿಯಿಲ್ಲ.

ಹಾಗಾದರೆ ಈ ಪದ್ಧತಿ ನಮಗೆ ಬೇಡವೇ? ಬೇಕು. ಆದರೆ ಸೆರೆಂಗೆಟಿಯ ಅಚ್ಚಿನಲ್ಲಿ ಎರಕ ಹೊಯ್ದದ್ದಲ್ಲ. ಹೆಸರಿನ ಪಟ್ಟಿ ಕನ್ನಡದಲ್ಲಿರಲಿ. ಚಿಗರಿ, ಕಿರುಬ, ಮುಳ್ಳುಹಂದಿ ಎಂದು ಜನ ಕರೆಯುವಂತೆಯೇ ಇರಲಿ. 'ಗೊತ್ತಿಲ್ಲ' ಎನ್ನಲು ಅವಕಾಶವಿರಲಿ. ಹೊಲದಲ್ಲಿ ಹಿಂಡು ತರುಬಿ ರಾತ್ರಿಯಿಡೀ ಕಾವಲು ಕೂತವರ ಉತ್ತರಕ್ಕೆ ಉಳಿದವರದಕ್ಕಿಂತ ಹೆಚ್ಚು ತೂಕ ಸಿಗಲಿ.

ಹತ್ತಿರದಲ್ಲೇ ನೆಲೆಗಳಿವೆ: 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡ, 2016ರಲ್ಲಿ ಚಿಂಕಾರಕ್ಕೆಂದು ಘೋಷಿಸಿದ ಬಾಗಲಕೋಟೆಯ ಯಡಹಳ್ಳಿ, ಗಂಗಾವತಿ ತಾಲ್ಲೂಕಿನ ಬಂಕಾಪುರದ ತೋಳಧಾಮ. ಇವುಗಳ ನಡುವಿನ ನೆಲವೇ ನರಗುಂದ, ರೋಣ, ಗಜೇಂದ್ರಗಡ ಎಂಬ ನಮ್ಮ ಮೂರು ತಾಲ್ಲೂಕು. ಇಲ್ಲಿನ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಮಾಸ್ತರರಲ್ಲಿ ನನ್ನದೊಂದು ವಿನಂತಿ: ಒಂದು ಮಧ್ಯಾಹ್ನ ನಾಲ್ಕಾರು ಕುರಿಗಾರರನ್ನು ಕರೆದು ವಿದ್ಯಾರ್ಥಿಗಳ ಪಕ್ಕದಲ್ಲಿ ಕೂಡಿಸಿ, ನೂರು ಚಿತ್ರ ತೋರಿಸಿ, ಅವರು ಹೇಳುವ ಹೆಸರನ್ನೂ ಆ ಹೆಸರಿಗೆ ಅವರು ಕೊಡುವ ಕಾರಣವನ್ನೂ ಬರೆದುಕೊಳ್ಳಿ.