ನೂರಕ್ಕೆ ನೂರು ದಕ್ಷತೆ: ಲೇಬಲ್ ಹೇಳದ ಲೆಕ್ಕ

ಅಮೆರಿಕದ ಉತ್ತರ ರಾಜ್ಯಗಳಲ್ಲಿ ಕೆಲವರು ಕಾರಿನ ಗ್ಯಾರೇಜಿನ ಮೇಲೆ ಒಂದು ಪುಟ್ಟ ವಸತಿ ಕಟ್ಟಿಕೊಳ್ಳುತ್ತಾರೆ. ನೆಂಟರು ಬಂದಾಗ, ತಿಂಗಳಿಗೆ ಎರಡು ದಿನ ಮಾತ್ರ ಅದರ ಬಳಕೆ ಎನ್ನಿ. ಅದನ್ನು ಬೆಚ್ಚಗಿಡಲು ಯಾವ ಸಾಧನ ಸೂಕ್ತ? ಸಾಮಾನ್ಯವಾಗಿ ಸಿಗುವ ಸಲಹೆಗಳು ಎರಡು: 'ವಿದ್ಯುತ್ ಹೀಟರ್ ಕೊಳ್ಳಿ, ಅದರ ದಕ್ಷತೆ ನೂರಕ್ಕೆ ನೂರು', 'ಚದರ ಅಡಿಗೆ 10 ವಾಟ್ ಹಿಡಿಯಿರಿ, ಸಾಕು'. ಎರಡೂ ಸುಳ್ಳಲ್ಲ, ಆದರೆ ಎರಡೂ ಅರ್ಧಸತ್ಯ. ಹೇಗೆಂದು ನೋಡೋಣ.

ವಿದ್ಯುತ್ ರೋಧಕಕ್ಕೆ ಕೊಟ್ಟ ಶಕ್ತಿಯೆಲ್ಲ ಉಷ್ಣವಾಗಲೇಬೇಕು. ಎಣ್ಣೆ ತುಂಬಿದ ಹೀಟರ್ ಇರಲಿ, ಫ್ಯಾನ್ ಹೀಟರ್ ಇರಲಿ, 1500 ವಾಟಿನದು ಸೆಕೆಂಡಿಗೆ 1500 ಜೂಲ್ ಉಷ್ಣವನ್ನೇ ಕೊಡುತ್ತದೆ. ಆದ್ದರಿಂದ 'ನೂರಕ್ಕೆ ನೂರು' ಎಂಬುದು ತಯಾರಕರ ಸಾಧನೆಯಲ್ಲ, ಶಕ್ತಿ ಸಂರಕ್ಷಣೆಯ ನಿಯಮ. ಫ್ರಿಜ್ಜಿನ ತತ್ತ್ವದಲ್ಲೇ ಕೆಲಸ ಮಾಡುವ ಉಷ್ಣ ಪಂಪು ಹೊರಗಿನ ಉಷ್ಣವನ್ನು ಒಳಗೆ ಸಾಗಿಸುವುದರಿಂದ, ಒಂದು ಯೂನಿಟ್ ವಿದ್ಯುತ್ತಿಗೆ ಎರಡು-ಮೂರು ಯೂನಿಟ್ ಉಷ್ಣ ಕೊಡಬಲ್ಲದು.

ಈಗ ಲೆಕ್ಕ. ವಸತಿಯ ವಿಸ್ತೀರ್ಣ 40 ಚದರ ಮೀಟರ್, ಅಂದರೆ ಸುಮಾರು 430 ಚದರ ಅಡಿ. ಒಳಗೂ ಹೊರಗೂ ಇರುವ ಉಷ್ಣತೆಯ ಅಂತರದ ಪ್ರತಿ ಡಿಗ್ರಿಗೆ 100 ವಾಟ್ ಸೋರುತ್ತದೆ ಎಂದುಕೊಳ್ಳಿ. ಮಿನಿಯಾಪೊಲಿಸ್ ನಗರದಲ್ಲಿ ಜನವರಿಯ ಸರಾಸರಿ ಉಷ್ಣತೆ ಸುಮಾರು -9 ಡಿಗ್ರಿ ಸೆಲ್ಸಿಯಸ್. ನಾವು -10 ಎಂದಿಟ್ಟುಕೊಳ್ಳೋಣ. ಒಳಗೆ 20 ಡಿಗ್ರಿ ಇರಬೇಕಾದರೆ 3000 ವಾಟ್ ಬೇಕು. 1500 ವಾಟಿನ ಹೀಟರ್ ಹಗಲೂ ರಾತ್ರಿ ಉರಿದರೂ ಕೋಣೆ 5 ಡಿಗ್ರಿ ದಾಟದು! ಚದರ ಅಡಿಯ ಸೂತ್ರ 4300 ವಾಟ್ ಎನ್ನುತ್ತದೆ. ಇಲ್ಲಿ ಅದು ಸಾಕು. ಆದರೆ ಗೋಡೆಗೂ ಗ್ಯಾರೇಜಿನ ಮೇಲಿನ ನೆಲಕ್ಕೂ ಉಷ್ಣ ನಿರೋಧಕವಿಲ್ಲದೆ ಸೋರಿಕೆ ಇಮ್ಮಡಿಯಾದರೆ 6000 ವಾಟ್ ಬೇಕಾಗುತ್ತದೆ, ಸೂತ್ರ ಸೋಲುತ್ತದೆ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ: ಉಳಿದ 28 ದಿನಗಳ ಗತಿಯೇನು? ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗಿ ಕೊಳವೆಗಳನ್ನು ಒಡೆಯಬಲ್ಲದು. ಅದಕ್ಕೆಂದು ಖಾಲಿ ಮನೆಯನ್ನೂ 7 ಡಿಗ್ರಿಯಲ್ಲಿ ಇಟ್ಟರೆ 1.7 ಕಿಲೋವಾಟಿನಂತೆ 672 ಗಂಟೆಗೆ ಸುಮಾರು 1142 ಯೂನಿಟ್. ನೆಂಟರಿದ್ದ 48 ಗಂಟೆಗೆ ಕೇವಲ 144! ಯಾರೂ ಇಲ್ಲದ ಮನೆ ಎಂಟು ಪಟ್ಟು ಶಕ್ತಿಯನ್ನು ನುಂಗುತ್ತದೆ.

2.5 ಪಟ್ಟು ಉಷ್ಣ ಕೊಡುವ ಪಂಪು ಕೊಂಡರೂ ಒಟ್ಟು 514 ಯೂನಿಟ್ ಆಗುತ್ತದೆ. ಬದಲಿಗೆ ಕೊಳವೆಗಳ ನೀರನ್ನು ಪೂರ್ತಿ ಬಸಿದು, ಬಚ್ಚಲಿನ ಬಾಗುಕೊಳವೆಗಳಿಗೆ ಹೆಪ್ಪುಗಟ್ಟದ ದ್ರವ ಸುರಿದು, ಹೀಟರನ್ನು ಆರಿಸಿಬಿಟ್ಟರೆ? ಗಾಳಿ, ಗೋಡೆ ಹಲಗೆಗಳನ್ನು ಮತ್ತೆ ಕಾಯಿಸುವುದೂ ಸೇರಿ ಸುಮಾರು 155 ಯೂನಿಟ್ ಸಾಕು. 4300 ವಾಟಿನ ಹೀಟರಾದರೂ ಬೆಚ್ಚಗಾಗಲು ನಾಲ್ಕು ಗಂಟೆಯಾದರೂ ಬೇಕು, ಅಷ್ಟೆ. ಆದರೆ ಬಳಕೆ ತಿಂಗಳಿಗೆ ಇಪ್ಪತ್ತು ದಿನಕ್ಕೆ ಏರಿದರೆ ಪಂಪೇ ಗೆಲ್ಲುತ್ತದೆ. ಆಯ್ಕೆಯನ್ನು ನಿರ್ಧರಿಸುವುದು ದಕ್ಷತೆಯೊಂದೇ ಅಲ್ಲ, ಬಳಕೆಯ ದಿನಗಳು ಕೂಡ.

ಇನ್ನೊಂದು ಲೇಬಲ್ ಅಪಾಯಕಾರಿ. ಹೊಗೆಕೊಳವೆ ಇಲ್ಲದ ಗ್ಯಾಸ್ ಹೀಟರಿಗೆ 'ಶೇ. 99 ದಕ್ಷತೆ' ಎಂಬ ಹೊಗಳಿಕೆಯುಂಟು. ದಹನದಿಂದ ಹುಟ್ಟಿದ್ದೆಲ್ಲ ಕೋಣೆಯಲ್ಲೇ ಉಳಿಯುವುದರಿಂದ ಬಂದ ಅಂಕಿ ಅದು! ಒಂದು ಕಿಲೋ ಪ್ರೊಪೇನ್ ಉರಿದಾಗ 1.6 ಕಿಲೋ ನೀರಾವಿ ಹೊರಬರುತ್ತದೆ. ದಹನ ಅಪೂರ್ಣವಾದರೆ ಕಾರ್ಬನ್ ಮಾನಾಕ್ಸೈಡ್ ಕೂಡ. ಅದು ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳದೆ ಹೋಗಬಹುದು. ಕೆಳಗಿನ ಕಾರಿನ ಹೊಗೆಯೂ ನೆಲದ ಸಂದಿಗಳಿಂದ ಮೇಲೇರಬಲ್ಲದು. ಸಂದಿಗಳನ್ನು ಮುಚ್ಚಿ, ಎಚ್ಚರಿಕೆಯ ಗಂಟೆ ಅಳವಡಿಸುವುದು ಯಾವ ಹೀಟರಿಗಿಂತಲೂ ಮೊದಲಿನ ಕೆಲಸ.

ಶಿಕ್ಷಕರು ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಬಹುದು. 100 ವಾಟಿನ ಸೋರಿಕೆಯನ್ನು 50ಕ್ಕೆ ಇಳಿಸಿ, ಮತ್ತೆ ಲೆಕ್ಕ ಹಾಕಲು ಹೇಳಿ. ಮೊದಲು ಹಣ ಹಾಕಬೇಕಾದದ್ದು ಹೀಟರಿಗೋ ಗೋಡೆಗೋ ಎಂಬುದನ್ನು ಮಕ್ಕಳೇ ಹೇಳುತ್ತಾರೆ.