ಒಂಗೋಟ: ಭಾಷೆಯ ವಂಶಾವಳಿ ಮತ್ತು ಜನರ ಚರಿತ್ರೆ

ನೈಋತ್ಯ ಇಥಿಯೋಪಿಯದ ವೈಟೊ ನದಿಯ ಪಶ್ಚಿಮ ದಡದಲ್ಲಿ ನೆಲೆಸಿರುವ ಒಂಗೋಟರು ಸುಮಾರು ನೂರು ಜನರ ಒಂದು ಸಮುದಾಯ. ಬಿರಾಲೆ ಎಂಬ ಇನ್ನೊಂದು ಹೆಸರೂ ಇವರಿಗೆ ಸಲ್ಲುತ್ತದೆ. (ಉತ್ತರದ ತಾನಾ ಸರೋವರದ ವೈಟೊ ಜನರು ಬೇರೆಯೇ, ಹೆಸರಿನ ಸಾಮ್ಯದಿಂದ ಓದುಗರು ಮೋಸಹೋಗಬಾರದು.) ಬೇಟೆ, ಮೀನುಗಾರಿಕೆ, ಜೇನು ಇವರ ಸಾಂಪ್ರದಾಯಿಕ ಜೀವನೋಪಾಯಗಳು. ಇಂದು ಇವರ ಆಡುಮಾತು ನೆರೆಯ ತ್ಸಮಕ್ಕೊ. ಒಂಗೋಟ ಭಾಷೆಯನ್ನು ಬಲ್ಲವರು ಬೆರಳೆಣಿಕೆಯ ಹಿರಿಯರು ಮಾತ್ರ. ಲಿಖಿತ ದಾಖಲೆಗಳಿಲ್ಲದ ಇಂಥ ಜನರ ಗತವನ್ನು ಕಟ್ಟಿಕೊಡುವ ಹೊಣೆಯನ್ನು ಭಾಷಾವಿಜ್ಞಾನ ತಾನಾಗಿ ಹೊತ್ತುಕೊಂಡಿದೆ. ಆ ಹೊಣೆಯನ್ನು ಅದು ಹೇಗೆ ನಿರ್ವಹಿಸಿದೆ ಎಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಹೆರಾಲ್ಡ್ ಫ್ಲೆಮಿಂಗ್ ಮತ್ತು ಸಂಗಡಿಗರು 1992ರಲ್ಲಿ ಈ ಭಾಷೆಯ ಮೊದಲ ವಿಸ್ತೃತ ವಿವರಣೆಯನ್ನು ಪ್ರಕಟಿಸಿದರು. 2006ರ ಗ್ರಂಥದಲ್ಲಿ ಫ್ಲೆಮಿಂಗ್ ಇದನ್ನು ಆಫ್ರೊ-ಏಷ್ಯಾಟಿಕ್ ಕುಟುಂಬದ ಸ್ವತಂತ್ರ ಶಾಖೆಯೆಂದು ವಾದಿಸಿದರು. ಆಫ್ರಿಕದ ಪ್ರಾಗಿತಿಹಾಸಕ್ಕೆ ಇದು ನಿರ್ಣಾಯಕ ಭಾಷೆ ಎಂಬ ಮಾತು ಗ್ರಂಥದ ಶೀರ್ಷಿಕೆಯಲ್ಲೇ ಇದೆ. ಸಾವಾ ಮತ್ತು ಟೋಸ್ಕೊ ಅವರ ಮತದಲ್ಲಿ ಇದು ನೈಲೊ-ಸಹಾರನ್ ಅಧಃಸ್ತರವುಳ್ಳ ಪೂರ್ವ ಕುಶಿಟಿಕ್ ಭಾಷೆ. ಬ್ಲಾಝೆಕ್ ಅವರಿಗೆ ಇದು ನೈಲೊ-ಸಹಾರನ್ ಕುಟುಂಬದ್ದೇ. ಒಂದೇ ಸಾಮಗ್ರಿಯಿಂದ ಇಷ್ಟು ದೂರದೂರದ ತೀರ್ಮಾನಗಳು ಹೊರಟಿರುವಾಗ, ದೋಷವನ್ನು ವಿದ್ವಾಂಸರ ಜಾಣ್ಮೆಯಲ್ಲಿ ಹುಡುಕುವುದಕ್ಕಿಂತ ಸಾಮಗ್ರಿಯ ಸ್ವರೂಪದಲ್ಲಿ ಹುಡುಕುವುದು ಉಚಿತ.

ಆಫ್ರೊ-ಏಷ್ಯಾಟಿಕ್ ಸಂಬಂಧವನ್ನು ಸ್ಥಾಪಿಸುವಾಗ ಕ್ರಿಯಾಪದದ ಪುರುಷವಾಚಿ ಪ್ರತ್ಯಯಗಳಿಗೆ ಹೆಚ್ಚಿನ ತೂಕವಿದೆ. ಅಂಥ ಪ್ರತ್ಯಯವ್ಯವಸ್ಥೆ ಸುಲಭವಾಗಿ ಎರವಲಾಗಿ ಬರುವುದಿಲ್ಲ. ಒಂಗೋಟದಲ್ಲಾದರೋ ಕ್ರಿಯಾಪದ ರೂಪಭೇದವನ್ನೇ ಪಡೆಯುವುದಿಲ್ಲ. ಕರ್ತೃವನ್ನು ಅದರ ಹಿಂದೆ ನಿಲ್ಲುವ ಸರ್ವನಾಮರೂಪ ಸೂಚಿಸುತ್ತದೆ. ಭೂತ ಮತ್ತು ಭೂತೇತರಗಳ ಭೇದವನ್ನು ಸ್ವರದ ಏರಿಳಿತವೇ ಹೊರುತ್ತದೆ. ಹೀಗೆ ಅತ್ಯಂತ ಬಲವಾದ ಸಾಕ್ಷ್ಯ ಇರಬೇಕಾದ ಸ್ಥಳ ಬರಿದಾಗಿದ್ದು, ಉಳಿಯುವುದು ಪದಕೋಶ ಮಾತ್ರ. ಅದರಲ್ಲಿಯೂ ತ್ಸಮಕ್ಕೊ ಪದಗಳು ಹೇರಳ. ಮಾಹಿತಿದಾರರೆಲ್ಲರೂ ತ್ಸಮಕ್ಕೊ ಬಲ್ಲ ದ್ವಿಭಾಷಿಕರಾದುದರಿಂದ ಹಳೆಯ ಎರವಲು ಯಾವುದು, ಸಂದರ್ಶನದ ಕ್ಷಣದಲ್ಲಿ ನಾಲಿಗೆಗೆ ಬಂದ ಪದ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಎರವಲುಗಳನ್ನು ಕಳೆದ ಮೇಲೆ ಉಳಿಯುವ ಶೇಷ ಚಿಕ್ಕದು. ಅದನ್ನು ಹೋಲಿಸುವ ಕುಟುಂಬಗಳಾದರೋ ದೊಡ್ಡವು. ಅಂಥಲ್ಲಿ ಆಕಸ್ಮಿಕ ಸಾದೃಶ್ಯಗಳು ಜ್ಞಾತಿಪದಗಳ ವೇಷ ತೊಡುವುದು ಸಹಜ. ಮಧ್ಯ ಭಾರತದ ನಿಹಾಲಿಯ ಶೇಷಪದಗಳನ್ನು ಕುರಿತು 1962ರಲ್ಲಿ ಬರೆದ ಕೈಪರ್ ಅವರು, ಅದು ಗುಂಪಿನೊಳಗಿನ ಗುಪ್ತಭಾಷೆಯಾಗಿರಬಹುದೆಂಬ ಸಾಧ್ಯತೆಯನ್ನೂ ತೆರೆದಿಟ್ಟಿದ್ದರು. ಆ ಸಂಯಮ ಒಂಗೋಟದ ಚರ್ಚೆಯಲ್ಲಿ ವಿರಳ.

ನಮ್ಮ ಮುಖ್ಯ ಆಕ್ಷೇಪ ವರ್ಗೀಕರಣವನ್ನೇ ಜನರ ಚರಿತ್ರೆಯೆಂದು ಓದುವುದಕ್ಕೆ ಸಂಬಂಧಿಸಿದ್ದು. 'ಸ್ವತಂತ್ರ ಶಾಖೆ' ಎಂದೊಡನೆ ಸಹಸ್ರಾರು ವರ್ಷ ಬೆರೆಯದೆ ಉಳಿದ ಪ್ರಾಚೀನ ಜನಾಂಗವೊಂದರ ಚಿತ್ರ ಏಳುತ್ತದೆ. ಅಧಃಸ್ತರದ ವಾದ ಇದಕ್ಕಿಂತ ಎಚ್ಚರದ್ದು, ಒಪ್ಪತಕ್ಕದ್ದು. ಆದರೂ ಒಂದು ಜನ ಒಂದು ಭಾಷೆಯನ್ನು ತೊರೆದು ಇನ್ನೊಂದನ್ನು ಹಿಡಿದರೆಂಬ ಒಂದೇ ಘಟನೆಯನ್ನು ಅದೂ ಊಹಿಸುವಂತಿದೆ. ಮೌಖಿಕ ಪರಂಪರೆ ಹೇಳುವುದು ಬೇರೆ. ಸಾವಾ ಅವರೇ ಸೋಫಿಯಾ ಥುಬೋವಿಲ್ ಅವರೊಡನೆ ಬರೆದ ಲೇಖನದಲ್ಲಿ, ಓಮೋಟಿಕ್ ನುಡಿಯಾಡುವ ಉತ್ತರದ ಮಾಲೇ ಜನರೊಡನೆ ಒಂಗೋಟರಿಗಿದ್ದ ನಂಟನ್ನು ಪರಂಪರಾಗತ ಕಥನಗಳ ಮೂಲಕ ಶೋಧಿಸಿದ್ದಾರೆ. ಕುಲಗಳು ಬೇರೆಬೇರೆ ದಿಕ್ಕುಗಳಿಂದ ಬಂದು ನದೀತೀರದಲ್ಲಿ ಒಂದಾದದ್ದು ನಿಜವಾದರೆ, ಭಾಷಾಪಲ್ಲಟವೂ ಕುಲಕ್ಕೊಂದರಂತೆ, ಬೇರೆಬೇರೆ ಕಾಲಗಳಲ್ಲಿ ನಡೆದಿರಬೇಕು. ಆಗ ಒಂದೇ ಮೂಲವನ್ನು ಹುಡುಕುವ ಪ್ರಶ್ನೆಯೇ ತಪ್ಪಾಗುತ್ತದೆ. ಒಂಗೋಟರು ತಮ್ಮನ್ನು ಕೂಡಿಬಂದವರೆಂದು ಬಣ್ಣಿಸಿಕೊಂಡರೆ, ಅವರನ್ನು ಅವಶೇಷವೆಂದು ಕರೆಯುವ ಅಧಿಕಾರ ಪದಪಟ್ಟಿಗೆ ಎಲ್ಲಿಂದ ಬಂತು?

ಕಥನಗಳೂ ಶುದ್ಧ ಸಾಕ್ಷ್ಯವಲ್ಲ. ನೆರೆಯವರೊಡನೆ ನಂಟು ಹೇಳಿಕೊಳ್ಳುವುದು ಚಿಕ್ಕ ಸಮುದಾಯಕ್ಕೆ ಆಶ್ರಯದ ಮಾರ್ಗವೂ ಹೌದು. ಆದುದರಿಂದ ಅವುಗಳನ್ನು ಪದಗಳ ಎದುರು ಇಟ್ಟು ಪರೀಕ್ಷಿಸಬೇಕು. ಜೇನು, ಮೀನು, ಬೇಟೆ, ಬಂಧುತ್ವ, ಕುಲನಾಮ ಎಂಬ ಒಂದೊಂದು ಅರ್ಥಕ್ಷೇತ್ರದಲ್ಲಿ ಯಾವ ನೆರೆಭಾಷೆಯ ಪದಗಳು ನೆಲೆಸಿವೆ ಎಂಬ ಲೆಕ್ಕ ಬೇಕು. ಸಾವಾ ಅವರ 2005ರ ತ್ಸಮಕ್ಕೊ ವ್ಯಾಕರಣ ಕೈಯಲ್ಲಿರುವುದರಿಂದ ಇನ್ನೊಂದು ಕೆಲಸವೂ ಸಾಧ್ಯ: ಒಂಗೋಟ ಯುವಕರು ಇಂದು ಆಡುವ ತ್ಸಮಕ್ಕೊ, ತ್ಸಮಕ್ಕೊ ಜನರದೇ ಮಾತಿಗಿಂತ ಎಲ್ಲೆಲ್ಲಿ ಭಿನ್ನವಾಗಿದೆ ಎಂದು ನೋಡುವುದು. ಈಗಿನ ಪಲ್ಲಟ ಬಿಟ್ಟ ಗುರುತುಗಳನ್ನು ಅಲ್ಲಿ ಬದುಕಿರುವವರ ಬಾಯಲ್ಲೇ ಕೇಳಬಹುದು. ಹಿಂದಿನವನ್ನು ಅವುಗಳೊಡನೆ ಹೋಲಿಸಲೂಬಹುದು.